ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಗೆ: ಹಬ್ಬದ ಮನೆಯಲ್ಲಿ ಪುಟ್ಟ ಕೂಸು

ವರ್ಷದಲ್ಲಿ ಹಬ್ಬಗಳು ಎಷ್ಟೇ ಇರಲಿ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಒಕ್ಕಲು ಮನೆಗೆ ಎಳ್ಳಮಾವಾಸ್ಯೆಯೇ ದೊಡ್ಡ ಹಬ್ಬ. ಮಾರ್ಗಶಿರದ ಅಮಾವಾಸ್ಯೆಯಂದು ಪೇಟೆಯ ಬೀದಿಗಳು ಬಣಗುಡುತ್ತವೆ. ಲಾತೂರ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಈ ದಿನಕ್ಕೆಂದೇ ಸ್ಥಳೀಯ ರಜೆ ಸಾರುವ ರೂಢಿಯುಂಟು. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ನಂಟರ ಇಲ್ಲವೆ ಗೆಳೆಯರ ಹೊಲಕ್ಕೆ, ಹೀಗೆ ಊರಿಗೆ ಊರೇ ಹೊರಡುತ್ತದೆ. ಅಲ್ಲಿಂದ ಸಂಕ್ರಾಂತಿಗೆ ದಾರಿ ದೂರವಿಲ್ಲ. ಕೆಲವು ವರ್ಷ ಒಂದು ವಾರ, ಕೆಲವು ವರ್ಷ ಮೂರು ನಾಲ್ಕು ವಾರ, ಅಷ್ಟೆ. ಈ ಅವಧಿಯಲ್ಲಿ ಪುಣೆ, ಸೋಲಾಪುರ, ಹೈದರಾಬಾದುಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ಊರಿಗೆ ಬರುತ್ತಾರೆ, ಬೀಗರು ಬರುತ್ತಾರೆ, ಒಲೆ ಆರುವುದೇ ಇಲ್ಲ.

ಇಂಥ ಮನೆಯಲ್ಲಿ ಒಂದೂವರೆ ಎರಡು ವರ್ಷದ ಕೂಸೊಂದು ಇದ್ದರೆ ಹಬ್ಬದ ಕಳೆಯೇ ಬೇರೆ. ಆದರೆ ಆ ಕೂಸಿನ ಪಾಲಿಗೆ ಹಬ್ಬವೆಂದರೇನು? ದಿನನಿತ್ಯದ ಮುಖಗಳ ನಡುವೆ ಇಪ್ಪತ್ತು ಹೊಸ ಮುಖಗಳು, ತಪ್ಪಿದ ನಿದ್ದೆ, ಬದಲಾದ ಊಟ, ಕೈಯಿಂದ ಕೈಗೆ ಪಯಣ. ದೊಡ್ಡವರ ಸಂಭ್ರಮಕ್ಕೂ ಚಿಕ್ಕದರ ನೆಮ್ಮದಿಗೂ ಹೊಂದಾಣಿಕೆ ಮಾಡುವುದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಎಲ್ಲರ ಕೈಯಲ್ಲಿ, ಯಾರ ಕಣ್ಣಲ್ಲೂ ಇಲ್ಲ

ತುಂಬಿದ ಮನೆಯಲ್ಲಿ ಮಗುವಿಗೆ ಅಪಾಯ ಕಡಿಮೆಯೆಂದು ನಾವು ನಂಬಿದ್ದೇವೆ. ನಂಬಿಕೆ ಅರ್ಧ ಮಾತ್ರ ನಿಜ. ಬೇರೆ ದಿನಗಳಲ್ಲಿ ಕೂಸು ಎಲ್ಲಿದೆ ಎಂದರೆ ತಾಯಿಗೆ ಗೊತ್ತಿರುತ್ತದೆ. ಹಬ್ಬದ ದಿನ ಆಕೆ ಅತ್ತೆಯ ಬಳಿ ಇದೆಯೆಂದುಕೊಳ್ಳುತ್ತಾಳೆ. ಅತ್ತೆ ಮಗಳ ಬಳಿ ಇದೆಯೆಂದುಕೊಳ್ಳುತ್ತಾಳೆ. ಮಗಳು ಅಣ್ಣ ಎತ್ತಿಕೊಂಡನೆಂದು ಭಾವಿಸುತ್ತಾಳೆ. ಹತ್ತು ಮಂದಿ ನೋಡುವ ಕೂಸನ್ನು ಒಮ್ಮೊಮ್ಮೆ ಒಬ್ಬರೂ ನೋಡುತ್ತಿರುವುದಿಲ್ಲ. ನಡೆಯಲು ಹೊಸದಾಗಿ ಕಲಿತ ಮಗು ಒಲೆಯ ಬಳಿಗೋ ನೀರಿನ ಹೌದಿಗೋ ತಲಪಲು ಅರ್ಧ ನಿಮಿಷ ಸಾಕು.

ಇದಕ್ಕೆ ಉಪಾಯ ಬಹು ಸರಳ. ಸರದಿಯ ಮೇಲೆ ಒಬ್ಬೊಬ್ಬರು ಕೂಸಿನ ಕಾವಲು ವಹಿಸಿಕೊಳ್ಳಬೇಕು. ಸರದಿ ಮುಗಿದಾಗ ಮುಂದಿನವರ ಕೈಗೆ ಕೂಸನ್ನು ಕೊಟ್ಟು, 'ಇನ್ನು ನೀನು ನೋಡು' ಎಂದು ಬಾಯಿಬಿಟ್ಟು ಹೇಳಬೇಕು. ಎಂಟು ಹತ್ತು ವರ್ಷದ ಅಕ್ಕ ಅಣ್ಣಂದಿರು ಆಡಿಸಲು ಒಳ್ಳೆಯವರು, ಕಾಯಲು ಅಲ್ಲ. ಕಾವಲು ಹಿರಿಯರದೇ ಆಗಿರಬೇಕು. ಆ ಹೊತ್ತಿನಲ್ಲಿ ಕೈಯೊಳಗಿನ ಮೊಬೈಲು ಬದಿಗಿರಲಿ.

ಹೊಲದಲ್ಲಿ ಒಂದು ದಿನ

ಎಳ್ಳಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ಆಳೆತ್ತರ ಬೆಳೆದಿರುತ್ತದೆ. ಕಡಲೆ ಕಾಯಿ ಕಟ್ಟುತ್ತಿರುತ್ತದೆ, ಕುಸುಬಿ ಮುಳ್ಳು ಬಿಟ್ಟಿರುತ್ತದೆ. ಜೋಳದ ದಂಟಿನಿಂದ ಕೊಪ್ಪಿ ಕಟ್ಟಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ನೈವೇದ್ಯ ತೋರಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಪಂಕ್ತಿಯ ಊಟ. ಸಂಜೆ ಕೊಪ್ಪಿಯ ಮುಂದೆ ಹಾಲು ಉಕ್ಕಿಸುವ ಪದ್ಧತಿಯೂ ಉಂಟು. ಕೂಸಿಗೆ ಮಣ್ಣು, ಹಕ್ಕಿ, ಎತ್ತು, ಆಕಾಶ ಎಲ್ಲವನ್ನೂ ಒಂದೇ ದಿನ ಕಾಣುವ ಭಾಗ್ಯವಿದು. ಮಣ್ಣಾಯಿತೆಂದು ಗದರಬೇಡಿ; ಕೈ ತೊಳೆದರೆ ಮುಗಿಯಿತು.

ಗದರಬೇಕಾದ ಸಂಗತಿಗಳು ಬೇರೆ ಇವೆ. ಮೊದಲನೆಯದು ಬಾವಿ. ನಮ್ಮ ಕಡೆಯ ಹೊಲದ ಬಾವಿಗಳು ಹಲವು ಕಟ್ಟೆಯಿಲ್ಲದವು, ನೆಲಕ್ಕೆ ಸಮನಾಗಿ ಬಾಯಿ ತೆರೆದವು. ಕೃಷಿಹೊಂಡಗಳ ಹಾಳೆ ಹಾಸಿದ ಅಂಚಂತೂ ದೊಡ್ಡವರ ಕಾಲನ್ನೇ ಜಾರಿಸುತ್ತದೆ. ಹೊಲಕ್ಕೆ ಹೋದೊಡನೆ ಬಾವಿ ಎಲ್ಲಿದೆ ಎಂದು ನೋಡಿಕೊಂಡು, ಅದರಿಂದ ದೂರದಲ್ಲೇ ಕಂಬಳಿ ಹಾಸಬೇಕು. ಎರಡನೆಯದು ಬೆಂಕಿ. ಒಣದಂಟಿನ ಕೊಪ್ಪಿಗೆ ಕಿಡಿ ತಗಲಿದರೆ ನೋಡುತ್ತಿದ್ದಂತೆ ಉರಿದುಹೋಗುತ್ತದೆ. ಆದುದರಿಂದ ಕೂಸನ್ನು ಕೊಪ್ಪಿಯೊಳಗೆ ಮಲಗಿಸಿ ಪಕ್ಕದಲ್ಲಿ ಒಲೆ ಹೂಡುವುದು ಸಲ್ಲದು. ಮಲಗಿಸಲು ಮರದ ನೆರಳಿಗೆ ಕಟ್ಟಿದ ಜೋಳಿಗೆಯೇ ಲೇಸು. ಮೂರನೆಯದು ವಾಹನ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅಂಚಿಗೆ ಕೂತ ತಾಯಿಯ ಮಡಿಲು ಮಗುವಿಗೆ ಭದ್ರ ಸ್ಥಳವಲ್ಲ. ಹಿಂದಕ್ಕೆ ಸರಿಸುವಾಗ ಗಾಲಿಯ ಬಳಿ ಯಾರಿದ್ದಾರೆಂಬುದು ಚಾಲಕನಿಗೆ ಕಾಣದು.

ಅಕಸ್ಮಾತ್ ಬಿಸಿ ಹಾಲೋ ಸಾರೋ ಚೆಲ್ಲಿ ಮೈ ಸುಟ್ಟರೆ, ಇಪ್ಪತ್ತು ನಿಮಿಷ ತಣ್ಣೀರು ಹರಿಸುವುದೇ ಮೊದಲ ಮದ್ದು. ತುಪ್ಪ, ಹಲ್ಲುಜ್ಜುವ ಪೇಸ್ಟು, ಶಾಯಿ, ಅರಿಸಿನ ಇವು ಯಾವುವೂ ಬೇಡ. ಬಳಿಕ ಶುಭ್ರವಾದ ಬಟ್ಟೆ ಹೊದಿಸಿ ವೈದ್ಯರಲ್ಲಿಗೆ ಒಯ್ಯಬೇಕು. ೧೦೮ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೆ ಹೊಲಕ್ಕೆ ದಾರಿ ಹೇಳುವಾಗ ಊರಿನ ಹೆಸರು ಸಾಲದು; ರಸ್ತೆಯ ಬದಿಯ ಗುಡಿಯೋ ಶಾಲೆಯೋ ಗುರುತಾಗಿ ಬೇಕಾಗುತ್ತದೆಂಬುದನ್ನು ನೆನಪಿಡಿ.

ಎಡೆಯಲ್ಲಿ ಕೂಸಿನ ಪಾಲು

ಎಳ್ಳಮಾವಾಸ್ಯೆಯ ಅಡುಗೆ ನಮ್ಮ ನೆಲದ ಬೆಳೆಗಳ ಪ್ರದರ್ಶನವೇ ಸರಿ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆಸೊಪ್ಪು, ಬದನೆಗಳೆಲ್ಲ ಕೂಡಿದ ಭಜ್ಜಿ. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಾಸಿ ಬೆಳ್ಳುಳ್ಳಿ ಹಾಕಿದ ಅಂಬಲಿ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಗೋದಿಯ ಹುಗ್ಗಿ, ಶೇಂಗಾ ಹೋಳಿಗೆ. ಒಂದು ವರ್ಷ ದಾಟಿದ ಮಗುವಿಗೆ ಬೇರೆ ಅಡುಗೆ ಬೇಕಿಲ್ಲ, ಇದರಲ್ಲೇ ಆಯ್ದರಾಯಿತು. ಆಗತಾನೆ ಮಾಡಿದ, ಹೆಚ್ಚು ಹುಳಿ ಬಾರದ ಅಂಬಲಿ, ಖಾರ ಹಾಕುವ ಮೊದಲೇ ತೆಗೆದಿಟ್ಟು ಚೆನ್ನಾಗಿ ಹಿಸುಕಿದ ಭಜ್ಜಿ, ಮೆತ್ತಗೆ ಬೆಂದ ಹುಗ್ಗಿ, ಅಂಬಲಿಯಲ್ಲಿ ನೆನೆಸಿದ ಕಡುಬು, ಇಷ್ಟಿದ್ದರೆ ಕೂಸಿನ ಹೊಟ್ಟೆ ತಂಪು. ನಸುಕಿನಲ್ಲೇ ಮಾಡಿದ ಅಡುಗೆ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಇದ್ದಿರುತ್ತದೆ ಎಂಬುದು ಗಮನದಲ್ಲಿರಲಿ. ಮಗುವಿನ ಪಾಲನ್ನೂ ಕಾಸಿದ ನೀರನ್ನೂ ಮುಚ್ಚಿದ ಪಾತ್ರೆಯಲ್ಲಿ ಬೇರೆ ಒಯ್ಯುವುದು ಮೇಲು. ತಾಯಿಯ ಹಾಲು ಎರಡು ವರ್ಷದವರೆಗೂ, ಬೇಕಿದ್ದರೆ ಅದರಾಚೆಗೂ ಮುಂದುವರಿಯಬಹುದು. ಬೀಗರೆದುರು ಸಂಕೋಚವೆಂದು ಹಬ್ಬದ ದಿನ ಅದನ್ನು ತಪ್ಪಿಸಿದರೆ ಮಗು ರಚ್ಚೆ ಹಿಡಿಯುವುದು ಸಹಜ.

ಕರಿ ಎರೆಯುವಾಗ

ಸಂಕ್ರಾಂತಿಯ ಕಾಲದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಕರಿ ಎರೆಯುವ ಸಂಪ್ರದಾಯ ನಮ್ಮಲ್ಲಿ ಉಂಟು. ಮರಾಠಿಯ ನೆರೆಯವರು ಇದನ್ನೇ ಬೋರನ್ಹಾಣ ಎನ್ನುತ್ತಾರೆ ಮತ್ತು ರಥಸಪ್ತಮಿಯವರೆಗೆ ಅನುಕೂಲದ ದಿನ ನೋಡಿ ಮಾಡುತ್ತಾರೆ. ಮಗುವಿಗೆ ಕರಿಯ ಬಟ್ಟೆ ತೊಡಿಸಿ, ಕುಸುರೆಳ್ಳಿನ ಸರ, ಕಿರೀಟ ಇಟ್ಟು, ಮಣೆಯ ಮೇಲೆ ಕುಳ್ಳಿರಿಸಿ, ಬಾರಿಹಣ್ಣು, ಕಬ್ಬಿನ ತುಂಡು, ಹಸಿಗಡಲೆ, ಶೇಂಗಾ, ಚುರಮುರಿ, ನಾಣ್ಯ ಎಲ್ಲವನ್ನೂ ಕೂಡಿಸಿ ತಲೆಯ ಮೇಲಿಂದ ಎರೆಯುತ್ತಾರೆ. ಸುತ್ತಲಿನ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಓಣಿಯ ಕನ್ನಡ, ಮರಾಠಿ ಮನೆಗಳೆರಡೂ ಒಂದೇ ಮಣೆಯ ಸುತ್ತ ನೆರೆಯುವ ಚೆಲುವಾದ ಆಚರಣೆ ಇದು. ಬಿಡಬೇಕೆಂದು ಯಾರೂ ಹೇಳಲಾರರು.

ಆದರೂ ಒಂದು ಮಾತು. ಎರೆದ ಪದಾರ್ಥಗಳಲ್ಲಿ ಬಹುತೇಕ ಎಲ್ಲವೂ ಕೂಸಿನ ಗಂಟಲಿಗೆ ಸಿಕ್ಕುವ ಗಾತ್ರದವು. ಬಾರಿಯ ಬೀಜ, ಶೇಂಗಾ ಬೀಜ, ಕಡಲೆ, ನಾಣ್ಯ, ಗಟ್ಟಿ ಸಕ್ಕರೆಯ ಕುಸುರೆಳ್ಳು ಇವುಗಳಲ್ಲಿ ಯಾವುದಾದರೂ ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಅರೆಯುವ ಹಲ್ಲುಗಳು ಪೂರ್ತಿ ಬಾರದ ಮಗುವಿಗೆ ಇಡಿಯ ಕಾಳು ಅಗಿಯಲು ಬಾರದು. ಅಳುತ್ತಲೋ ನಗುತ್ತಲೋ ಉಸಿರೆಳೆದುಕೊಂಡರೆ ಕಾಳು ಒಳಗೆ ಜಾರುತ್ತದೆ. ನಾಲ್ಕು ಐದು ವರ್ಷ ತುಂಬುವವರೆಗೆ ಇಡಿಯ ಶೇಂಗಾ ಕೊಡಬಾರದೆಂದು ಮಕ್ಕಳ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ತೀರ ಚಿಕ್ಕ ಕೂಸಿಗೆ ಚುರಮುರಿ, ಹೂವಿನ ಎಸಳುಗಳನ್ನು ಎರೆದು, ಬಾರಿ, ಕಬ್ಬು, ನಾಣ್ಯಗಳನ್ನು ಪಕ್ಕದ ತಟ್ಟೆಯಿಂದ ದೊಡ್ಡ ಮಕ್ಕಳಿಗೆ ಹಂಚಿದರೆ ಸಂಪ್ರದಾಯಕ್ಕೆ ಊನವಿಲ್ಲ. ಕುಸುರೆಳ್ಳಿನ ಆಭರಣವನ್ನು ಆರತಿ ಆದೊಡನೆ ತೆಗೆದಿಡಿ. ಮಣೆಯಿಂದ ಎತ್ತಿದ ಕೂಡಲೆ ಮಡಿಲು, ಮುಷ್ಟಿ, ಬಾಯಿ ಈ ಮೂರನ್ನೂ ನೋಡಿ. ನೆಲವನ್ನು ಆಗಲೇ ಗುಡಿಸಿ. ಮೂಲೆಯಲ್ಲುಳಿದ ಒಂದು ಕಾಳು ಮರುದಿನ ಅಂಬೆಗಾಲಿನ ಕೂಸಿಗೆ ಸಿಕ್ಕೇ ಸಿಗುತ್ತದೆ.

ಗಂಟಲಲ್ಲಿ ಏನಾದರೂ ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೇ ಅದನ್ನು ಹೊರದಬ್ಬುತ್ತದೆ. ಕೆಮ್ಮೂ ಬಾರದೆ, ದನಿಯೂ ಹೊರಡದೆ ಮುಖ ನೀಲಿಗಟ್ಟಿದರೆ ತಡಮಾಡದೆ ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು ಕೊಡಬೇಕು. ಹೊರಬರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ವರ್ಷದೊಳಗಿನದಾದರೆ ಹೊಟ್ಟೆಯನ್ನು ಒತ್ತದೆ, ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರುವಾಗಲೇ ಇನ್ನೊಬ್ಬರು ೧೦೮ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಿದರೆ ಅದು ಇನ್ನಷ್ಟು ಕೆಳಗಿಳಿಯುತ್ತದೆ. ಮನೆಯಲ್ಲಿ ಇಬ್ಬರಿಗಾದರೂ ಈ ವಿಧಾನವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ ಕಲಿಸಿಡುವುದು ಹಬ್ಬದ ಸಿದ್ಧತೆಯ ಒಂದು ಭಾಗವಾಗಲಿ.

ಸಂಜೆಯ ಅಳು

ಹಬ್ಬದ ದಿನ ಸಂಜೆ ಕೂಸು ಕಾರಣವಿಲ್ಲದೆ ಅಳುತ್ತದೆ. 'ಮಂದಿಯ ಕಣ್ಣು ತಗಲಿತು' ಎಂದು ಹಿರಿಯರು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಅವರ ಅಕ್ಕರೆಯನ್ನು ಹಳಿಯುವುದು ಬೇಡ. ಮೆಣಸಿನಕಾಯಿ ಸುಟ್ಟ ಹೊಗೆ ಮಾತ್ರ ಕೂಸಿನ ಮೂಗಿಗೆ ಬೇಡ. ನಿಜವಾದ ಕಾರಣ ಬಹುಮಟ್ಟಿಗೆ ನಿದ್ದೆಯೇ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ ೧೧ರಿಂದ ೧೪ ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದೆ. ನಸುಕಿನಲ್ಲೇ ಎಬ್ಬಿಸಿ, ಮಧ್ಯಾಹ್ನ ಮಲಗಿಸದೆ, ರಾತ್ರಿ ಹತ್ತರವರೆಗೆ ಕೈಯಿಂದ ಕೈಗೆ ದಾಟಿಸಿದರೆ ಅಳದೆ ಇನ್ನೇನು ಮಾಡೀತು? ಹೊಸಬರನ್ನು ಕಂಡು ಅಂಜುವುದೂ ಈ ವಯಸ್ಸಿನ ಧರ್ಮ. ದೂರದಿಂದ ಬಂದ ಅತ್ತೆಯ ತೊಡೆಗೆ ಹೋಗಲೊಲ್ಲದ ಕೂಸು ಕೊಬ್ಬಿದ್ದಲ್ಲ, ತಾಯಿ ಕಲಿಸಿಕೊಟ್ಟದ್ದೂ ಅಲ್ಲ. ಅತ್ತೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಒಂದು ಹೂವನ್ನೋ ಬಟ್ಟಲನ್ನೋ ಮುಂದಿಟ್ಟರೆ ಕೂಸು ತಾನಾಗಿ ಸರಿದು ಬರುತ್ತದೆ.

ತಾಯಿಗೂ ಹಬ್ಬವಿರಲಿ

ಈ ಎಲ್ಲ ಎಚ್ಚರಿಕೆಗಳನ್ನೂ ತಾಯಿಯೊಬ್ಬಳ ತಲೆಯ ಮೇಲೆ ಹೊರಿಸಿದರೆ ಈ ಲೇಖನ ಬರೆದು ಉಪಯೋಗವಿಲ್ಲ. ಮೂರು ಗಂಟೆಗೆದ್ದು ರೊಟ್ಟಿ ಬಡಿಯುವವಳು ಅವಳು; ಹೊಲದಲ್ಲಿ ಬಡಿಸುವವಳು ಅವಳು; ಎಲ್ಲರುಂಡ ಮೇಲೆ ಉಣ್ಣುವವಳೂ ಅವಳೇ. ಅಂಬಲಿಯ ಗಡಿಗೆಯನ್ನು ಹೊಲಕ್ಕೆ ಗಂಡಸರು ಹೊತ್ತೊಯ್ಯುವುದು ನಮ್ಮಲ್ಲಿ ಹಿರಿಮೆಯ ಸಂಗತಿ. ಗಡಿಗೆ ಹೊತ್ತ ಹೆಗಲಿಗೆ ಕೂಸು ಭಾರವಾದೀತೆ? ಮೊದಲ ಪಂಕ್ತಿಯಲ್ಲಿ ಎಳೆಯ ಮಕ್ಕಳ ತಾಯಂದಿರನ್ನು ಕೂರಿಸಿ, ಅಷ್ಟು ಹೊತ್ತು ಗಂಡಸರು ಕೂಸುಗಳನ್ನು ನೋಡಿಕೊಂಡರೆ ಪದ್ಧತಿ ಮುರಿದಂತಾಗುವುದಿಲ್ಲ, ಬೆಳೆದಂತಾಗುತ್ತದೆ.

ಹಿಂದೆ ವಾಡೆಯಂಥ ಮನೆಗಳಲ್ಲಿ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ಒಂದೇ ಮಾಡಿನ ಕೆಳಗಿದ್ದರು. ೧೯೯೩ರ ಸೆಪ್ಟೆಂಬರ ೩೦ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಮಲಗಿದ ಊರುಗಳ ಮೇಲೆ ಕಿಲ್ಲಾರಿಯ ಭೂಕಂಪ ಬಂದೆರಗಿದಾಗ ಕಲ್ಲುಮಣ್ಣಿನ ಆ ಭಾರದ ಮನೆಗಳೇ ಸಾವಿರಾರು ಜನರಿಗೆ ಸಮಾಧಿಯಾದವು. ಆ ಮೇಲೆ ಎದ್ದ ಪುನರ್ವಸತಿಯ ಊರುಗಳಲ್ಲಿ ಮನೆಗಳು ಬಿಡಿಬಿಡಿಯಾದವು. ಉದ್ಯೋಗವನ್ನರಸಿ ಮಕ್ಕಳು ಪಟ್ಟಣ ಸೇರಿದರು. ಇಂದಿನ ಎಳೆಯ ತಾಯಿಗೆ ದಿನನಿತ್ಯ ಅಜ್ಜಿಯ ಕೈಯಾಸರೆಯಿಲ್ಲ. ಹಬ್ಬದ ಹತ್ತು ದಿನವಾದರೂ ಆ ಆಸರೆ ಸಿಗಬೇಕಲ್ಲದೆ, ಸಿಗುವುದು ಬರಿಯ ಹೆಚ್ಚಿನ ದುಡಿಮೆಯಾಗಬಾರದು.

ತೊದಲು ಮಾತಿನ ಹಬ್ಬ

ಕೊನೆಗೆ, ನಮ್ಮ ಗಡಿನಾಡಿಗೇ ಸೇರಿದ ಒಂದು ಸಂಗತಿ. ನಿಲಂಗಾ, ಉದಗೀರ ತಾಲೂಕುಗಳು ೧೯೫೬ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗೆರೆ ಆಚೆ ಬಿತ್ತು. ಬಳಗ ಎರಡೂ ಕಡೆ ಉಳಿಯಿತು. ಇಲ್ಲಿ ಕೂಸು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ ಕೇಳುತ್ತದೆ. ಮೂರೂ ಕೇಳಿದರೆ ಮಾತು ತಡವಾಗುತ್ತದೆಂಬ ಭಯ ಹಲವು ತಂದೆತಾಯಿಗಳಿಗಿದೆ. ಭಯಕ್ಕೆ ಆಧಾರವಿಲ್ಲ. ಮೊದಲ ವರ್ಷದ ಸುಮಾರಿಗೆ ಮೊದಲ ಮಾತು, ಎರಡರ ಹೊತ್ತಿಗೆ ಎರಡು ಮಾತಿನ ಜೋಡಣೆ ಎಂಬ ಹೆಜ್ಜೆಗಳು ಬಹುಭಾಷೆಯ ಮಕ್ಕಳಲ್ಲೂ ಹೆಚ್ಚು ಕಡಿಮೆ ಹಾಗೆಯೇ ಬರುತ್ತವೆ. ಎಣಿಸುವಾಗ ಎಲ್ಲ ಭಾಷೆಗಳ ಮಾತುಗಳನ್ನೂ ಕೂಡಿಸಿ ಎಣಿಸಬೇಕು, ಅಷ್ಟೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಅದು ಗೊಂದಲವಲ್ಲ, ಇದ್ದ ಮಾತಿನಲ್ಲಿ ಕೆಲಸ ಸಾಗಿಸುವ ಜಾಣತನ. ಎರಡು ವರ್ಷವಾದರೂ ಯಾವ ಭಾಷೆಯಲ್ಲೂ ಮಾತು ಕೂಡಿಸದಿದ್ದರೆ ಮಾತ್ರ ಕಿವಿಯ ಪರೀಕ್ಷೆ ಮಾಡಿಸಬೇಕು.

ಮರಾಠಿ ಶಾಲೆ ಕಲಿಸುತ್ತದೆ, ಬಾಳಿಗೆ ಬೇಕಾದುದೂ ಹೌದು. ಕನ್ನಡವನ್ನು ಮಾತ್ರ ಮನೆಯೇ ಕೊಡಬೇಕು. ಅದಕ್ಕೆ ಈ ಹಬ್ಬಗಳಿಗಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ. ಚರಗ, ಕೊಪ್ಪಿ, ಸೀತನಿ, ಕಡುಬು, ಕುಸುರೆಳ್ಳು ಇವು ಪುಸ್ತಕದ ಮಾತುಗಳಲ್ಲ. ಕೈಯಲ್ಲಿ ಹಿಡಿದು, ಬಾಯಲ್ಲಿಟ್ಟು ಕಲಿಯುವ ಮಾತುಗಳು. ಎಳ್ಳಮಾವಾಸ್ಯೆಗೆ ಇಲ್ಲಿನ ಮರಾಠಿಗರು ಯೇಳವಸ ಎನ್ನುತ್ತಾರೆ. ಆ ಹೆಸರು ಎಳ್ಳಿನಿಂದ ಬಂತೋ, ಏಳನೆಯದೆಂಬ ಅರ್ಥದಿಂದ ಬಂತೋ ಎಂಬ ಚರ್ಚೆ ಇದ್ದರೂ ಅದರ ಬೇರು ಕನ್ನಡದಲ್ಲಿದೆಯೆಂಬ ಮಾತು ಎರಡೂ ಕಡೆ ಒಪ್ಪಿಗೆಯಾದುದು. ಭಾಷೆ ಹೀಗೆ ಹಬ್ಬದ ಹೆಗಲೇರಿ ದಾಟಿಬಂದಿದೆ.

ಆದುದರಿಂದ ಬಂದ ನಂಟರಲ್ಲಿ ಒಂದು ಬಿನ್ನಹ. ಕೂಸಿಗೆ ಪ್ಲಾಸ್ಟಿಕ್ಕಿನ ಆಟಿಕೆ ತರದಿದ್ದರೂ ನಡೆದೀತು. ಅದರ ಪಕ್ಕದಲ್ಲಿ ಕುಳಿತು, ಜೋಳದ ತೆನೆ ತೋರಿಸಿ, ಅದರ ಹೆಸರು ಹೇಳಿ. ಹತ್ತು ಬಾರಿ ಹೇಳಿ. ಹನ್ನೊಂದನೆಯ ಬಾರಿ ಅದು ತೊದಲಿದರೆ ನಿಮ್ಮ ಹಬ್ಬವೂ ಸಾರ್ಥಕ, ಅದರದೂ ಸಾರ್ಥಕ.