ಕೀಲಿಕೈ ವಹಿಸಿಕೊಡದೆ ಹಳೆಯ ಫೋನು ಬಿಡಬೇಡಿ

ಸರ್ಕಾರಿ ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗಗಳಿರುವುದು ಹಳೆಯ ಪದ್ಧತಿ. ಒಂದೊಂದರ ಕೀಲಿಕೈ ಒಬ್ಬೊಬ್ಬ ಅಧಿಕಾರಿಯ ವಶದಲ್ಲಿರುತ್ತದೆ. ಇಬ್ಬರೂ ಬಂದರಷ್ಟೇ ಬಾಗಿಲು ತೆರೆಯುತ್ತದೆ. ವರ್ಗವಾದವರು ಕೀಲಿಕೈ ಒಪ್ಪಿಸಿ, ಸಹಿ ಪಡೆದ ನಂತರವೇ ಊರು ಬಿಡಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರಿಗೆ ಈ ‘ಚಾರ್ಜು ವಹಿಸಿಕೊಡುವ’ ಶಿಸ್ತು ಚಿರಪರಿಚಿತ. ಇಂದು ಅದೇ ಶಿಸ್ತು ಅವರ ಜೇಬಿನ ಫೋನಿಗೂ ಬೇಕಾಗಿದೆ.

ಗುಪ್ತಪದವೊಂದೇ ಸಾಲದೆಂಬ ತಿಳಿವಳಿಕೆ ಹೊಸದೇನಲ್ಲ. ಅಂತರ್ಜಾಲದ ಕಾರ್ಡು ವಹಿವಾಟಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದಲೇ ಕಡ್ಡಾಯಗೊಳಿಸಿತು. ಅಂದಿನಿಂದ ಎಸ್ಸೆಮ್ಮೆಸ್ ಮೂಲಕ ಬರುವ ಒಟಿಪಿ ಮನೆಮಾತಾಯಿತು. ಇ-ಮೇಲ್ ಮೊದಲಾದ ಖಾತೆಗಳಿಗೆ ಈಗ ಅನೇಕರು ‘ಅಥೆಂಟಿಕೇಟರ್’ ಆ್ಯಪ್ ಬಳಸುತ್ತಾರೆ. ಅದು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಆರು ಅಂಕಿಗಳ ಹೊಸ ಸಂಕೇತವನ್ನು ತೋರಿಸುತ್ತದೆ.

ಗೊಂದಲ ಹುಟ್ಟುವುದು ಇಲ್ಲಿಯೇ. ಒಟಿಪಿ ಬರುವುದು ಸಿಮ್ ಕಾರ್ಡಿನ ಸಂಖ್ಯೆಗೆ. ಸಿಮ್ಮನ್ನು ಹೊಸ ಫೋನಿಗೆ ಹಾಕಿದರೆ ಅದೂ ಹಿಂದೆಯೇ ಬರುತ್ತದೆ. ಆದರೆ ಆ್ಯಪಿನ ಸಂಕೇತ ಹೊರಗಿನಿಂದ ಬರುವುದಿಲ್ಲ. ಫೋನಿನೊಳಗೆ ಅಡಗಿರುವ ಗುಪ್ತ ಕೀಲಿಯನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಅದು ಅಲ್ಲಿಯೇ ಲೆಕ್ಕ ಹಾಕುತ್ತದೆ. ಮದ್ದೂರಿನ ಅಂಗಡಿಯಲ್ಲಿ ಹಳೆಯ ಫೋನನ್ನು ಅಳಿಸಿ ವಿನಿಮಯಕ್ಕೆ ಕೊಟ್ಟರೆ, ಬೇರೆಡೆ ಪ್ರತಿ ಇಲ್ಲದ ಕೀಲಿಯೂ ಅಲ್ಲಿಗೇ ಅಳಿಯಿತು. ಕಳ್ಳನನ್ನು ತಡೆಯಬೇಕಿದ್ದ ಬೀಗ ಯಜಮಾನನನ್ನೇ ಹೊಸ್ತಿಲಾಚೆ ನಿಲ್ಲಿಸುತ್ತದೆ.

ಬ್ಯಾಂಕಿನ ಖಾತೆಯಾದರೆ ಪಾಸ್‌ಬುಕ್ಕು, ಗುರುತಿನ ಚೀಟಿ ಹಿಡಿದು ಶಾಖೆಗೆ ಹೋಗಬಹುದು. ಆದರೆ ಇ-ಮೇಲ್ ನೀಡುವ ಜಾಗತಿಕ ಕಂಪನಿಗಳಿಗೆ ಮಳವಳ್ಳಿಯಲ್ಲಿ ಕೌಂಟರಿಲ್ಲ. ಅಲ್ಲಿ ಅಹವಾಲು ಕೇಳುವುದು ಯಂತ್ರ. ಉಳಿದ ಹಲವು ಖಾತೆಗಳ ಗುಪ್ತಪದ ಮರೆತರೆ ಅದನ್ನು ಬದಲಿಸುವ ಕೊಂಡಿ ಬರುವುದೂ ಅದೇ ಇ-ಮೇಲಿಗೆ ಎಂಬುದನ್ನು ನೆನೆದರೆ ನಷ್ಟದ ಆಳ ತಿಳಿಯುತ್ತದೆ.

ಪರಿಹಾರ ಸರಳ. ಎರಡೂ ಫೋನುಗಳು ಕೈಯಲ್ಲಿರುವಾಗಲೇ ವರ್ಗಾವಣೆ ಮುಗಿಯಬೇಕು. ಗೂಗಲ್ ಅಥೆಂಟಿಕೇಟರಿನಲ್ಲಿ ಖಾತೆಗಳನ್ನು ವರ್ಗಾಯಿಸುವ ಆಯ್ಕೆಯಿದೆ. ಹಳೆಯ ಫೋನು ತೋರಿಸುವ ಕ್ಯುಆರ್ ಚಿತ್ರವನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಿದರಾಯಿತು. ಆ ಚಿತ್ರವೇ ಕೀಲಿಗೊಂಚಲು, ಅಂಗಡಿಯವರಿಗೂ ತೋರಿಸಬಾರದು. ಬಳಿಕ ಪ್ರತಿ ಖಾತೆಗೂ ಹೊಸ ಫೋನಿನ ಸಂಕೇತದಿಂದ ಒಮ್ಮೆ ಪ್ರವೇಶಿಸಿ ನೋಡಿ, ಆನಂತರವೇ ಹಳೆಯದನ್ನು ಅಳಿಸಬೇಕು. ಯುಪಿಐ ಆ್ಯಪುಗಳನ್ನು ಮಾತ್ರ ಸಿಮ್ ಹಾಕಿದ ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕು.

ಕೀಲಿಗಳನ್ನು ಗೂಗಲ್ ಖಾತೆಯಲ್ಲೇ ಕಾಪಿಡುವ ಸೌಲಭ್ಯ 2023ರಲ್ಲಿ ಬಂದಿದೆ. ಆದರೆ ಆ ಖಾತೆಯೇ ಮುಚ್ಚಿಹೋದರೆ, ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೇ ಉಳಿದಂತೆ. ಅದಕ್ಕೆ ಕಾಗದವೇ ಗಟ್ಟಿ: ಗೂಗಲ್ ಕೊಡುವ, ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದಾದ ಹತ್ತು ಬ್ಯಾಕಪ್ ಸಂಕೇತಗಳನ್ನು ಬರೆದು ಪಹಣಿ, ಕ್ರಯಪತ್ರಗಳ ಜೊತೆ ಇರಿಸಿಕೊಳ್ಳಬೇಕು.

ತಂದೆತಾಯಿಯ ಖಾತೆಗಳನ್ನು ಬೆಂಗಳೂರಿನಲ್ಲಿರುವ ಮಕ್ಕಳೇ ತೆರೆದುಕೊಟ್ಟಿರುವ ಮನೆಗಳು ಈ ಸೀಮೆಯಲ್ಲಿ ಹಲವು. ಎರಡನೆಯ ಕೀಲಿ ಯಾರ ಫೋನಿನಲ್ಲಿದೆಯೆಂಬುದು ಹಿರಿಯರಿಗೆ ತಿಳಿದಿರಬೇಕಾದುದು ನ್ಯಾಯ. ಮುಂದಿನ ಸಲ ಊರಿಗೆ ಬಂದ ಮಕ್ಕಳು ಹೊಸ ಫೋನಿನ ಜೊತೆ ಆ ಚಾರ್ಜನ್ನೂ ವಹಿಸಿಕೊಟ್ಟು ಹೊರಡಲಿ.