ತಾಯಿ ದೂರವಿದ್ದರೆ ಮರಿ ಅನಾಥವಲ್ಲ

ರಾಣೆಬೆನ್ನೂರು: ಹುಲ್ಲಿನ ನಡುವೆ ಒಂಟಿಯಾಗಿ ಮಲಗಿರುವ ಕೃಷ್ಣಮೃಗದ ಮರಿಯನ್ನು ಕಂಡು ಛಾಯಾಗ್ರಾಹಕರು ಮರುಗುವುದುಂಟು. ಆದರೆ ಅದು ತಾಯಿ ತೊರೆದ ಮರಿಯೇ ಆಗಿರಬೇಕಿಲ್ಲ. ಸಾಮಾನ್ಯವಾಗಿ ಒಂದೇ ಮರಿ ಹಾಕುವ ಈ ಜಿಂಕೆ, ಆರಂಭದ ದಿನಗಳಲ್ಲಿ ಅದನ್ನು ಹುಲ್ಲಿನಲ್ಲಿ ಅಡಗಿಸಿ ದೂರದಲ್ಲಿ ಮೇಯುತ್ತದೆ, ಹಾಲೂಡಿಸಲು ಮರಳುತ್ತದೆ. ತೋಳ, ನಾಯಿಗಳ ಗಮನ ಮರಿಯತ್ತ ಹರಿಯದಿರಲೆಂಬುದೇ ಈ ದೂರದ ಗುಟ್ಟು.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಇದರ ವಿಸ್ತೀರ್ಣ 119 ಚದರ ಕಿ.ಮೀ. ಇಲ್ಲಿನ ಮೃಗಗಳು ಗಡಿಯರಿಯವು. ಹಾವೇರಿ, ಬ್ಯಾಡಗಿ ಕಡೆಯ ಹೊಲಗಳಲ್ಲೂ ಕೃಷ್ಣಮೃಗಗಳು ಕಾಣಸಿಗುತ್ತವೆ. ಎಲ್ಲೇ ಮರಿ ಕಂಡರೂ ಮುಟ್ಟದೆ, ಸುತ್ತುವರಿಯದೆ ಹಿಂದೆ ಸರಿಯಬೇಕು. ಜನ ಹತ್ತಿರವಿದ್ದರೆ ತಾಯಿ ಬಳಿ ಬರಲು ಹೆದರುತ್ತದೆ, ಮರಿ ಹಸಿದಿರುತ್ತದೆ. ತಾಯ್ತನದ ಚಿತ್ರ ಬಯಸುವವರು ಅದನ್ನು ದೂರದಿಂದಲೇ ತೆಗೆಯುವುದು ನಿಜವಾದ ಕರುಣೆ.