ತಪ್ಪು ಬಿತ್ತಿದರೆ ಟೆಸ್ಟ್‌ನ ಬಣ್ಣ ಬಯಲು!

2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ ಉದ್ಘಾಟನೆಯಾಯಿತು. ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ನೀರಿನ ಮಟ್ಟ ಅಳೆಯಲು, ದೂರದಲ್ಲಿ ಕೂತೇ ಗೇಟ್ ಏರಿಸಿ ಇಳಿಸಲು ಸ್ಕಾಡಾ ಎಂಬ ಕಂಪ್ಯೂಟರ್ ವ್ಯವಸ್ಥೆ. ಸುರಪುರ, ಶಹಾಪುರದ ಹೊಲಗಳಿಗೆ ಹೋಗುವ ಕೃಷ್ಣೆ ಈಗ ಸಾಫ್ಟ್‌ವೇರ್ ಮಾತು ಕೇಳುತ್ತಾಳೆ!

ಇಂಥ ಸಾಫ್ಟ್‌ವೇರನ್ನು ಟೆಸ್ಟ್ ಮಾಡಿಯೇ ಬಿಡುತ್ತಾರೆ, ಸರಿ. ಆದರೆ ಆ ಟೆಸ್ಟ್‌ಗಳೇ ಗಟ್ಟಿಯೋ ಟೊಳ್ಳೋ ಎಂದು ನೋಡುವವರು ಯಾರು? ಇದಕ್ಕೊಂದು ಉತ್ತರವಿದೆ, ಅದನ್ನು ತಿಳಿದಾಗಿನಿಂದ ನನಗೆ ಬೇರೆ ಯೋಚನೆಯೇ ಹತ್ತುತ್ತಿಲ್ಲ: ಸರಿಯಿರುವ ಪ್ರೋಗ್ರಾಮಿನಲ್ಲಿ ಬೇಕಂತಲೇ ಒಂದು ತಪ್ಪು ಹಾಕಿ, ಟೆಸ್ಟ್ ಕೂಗಿಕೊಳ್ಳುತ್ತದೆಯೇ ನೋಡಿ. ಕಾವಲುಗಾರ ಎಚ್ಚರವಿದ್ದಾನೋ ಎಂದು ತಿಳಿಯಲು ನಾವೇ ಕಳ್ಳನನ್ನು ಕಳಿಸಿದ ಹಾಗೆ. ಇದೇ ಮ್ಯುಟೇಶನ್ ಟೆಸ್ಟಿಂಗ್.

ಒಂದೇ ಸಾಲಿನ ಪ್ರೋಗ್ರಾಮ್ ಊಹಿಸಿಕೊಳ್ಳಿ: ಹರಿವು 10,000 ಕ್ಯುಸೆಕ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗೇಟ್ ಇನ್ನಷ್ಟು ಎತ್ತಬೇಡ. ಟೆಸ್ಟ್ ಎರಡು. 4,000 ಕೊಟ್ಟೆವು, ‘ಎತ್ತು’ ಎಂದಿತು. 12,000 ಕೊಟ್ಟೆವು, ‘ಬೇಡ’ ಎಂದಿತು. ಎಲ್ಲ ಸಾಲೂ ಓಡಿದೆ, ಕವರೇಜ್ ನೂರಕ್ಕೆ ನೂರು, ಪರದೆ ತುಂಬ ಹಸಿರು! ಈಗ ‘ಅಥವಾ ಹೆಚ್ಚು’ ಎಂಬುದನ್ನು ಬರೀ ‘ಹೆಚ್ಚು’ ಮಾಡಿ. ಕೆಟ್ಟಿದ್ದು ಒಂದೇ ಚಿಹ್ನೆ. ಎರಡೂ ಟೆಸ್ಟ್ ಮತ್ತೆ ಪಾಸ್! ತಪ್ಪು ಕಣ್ಣೆದುರೇ ಕೂತಿದೆ, ಟೆಸ್ಟ್‌ಗಳಿಗೆ ಕಾಣುತ್ತಿಲ್ಲ. ಹೀಗೆ ತಪ್ಪು ಹಾಕಿದ ಪ್ರತಿಗೆ ಮ್ಯೂಟೆಂಟ್ ಎಂದು ಹೆಸರು. ಟೆಸ್ಟ್ ಹಿಡಿದರೆ ಅದು ಸತ್ತಂತೆ, ಹಿಡಿಯದಿದ್ದರೆ ಬದುಕಿದಂತೆ. ಈ ಮ್ಯೂಟೆಂಟ್ ಬದುಕಿತು. ಸರಿಯಾಗಿ 10,000 ಕೊಟ್ಟು ನೋಡುವ ಮೂರನೇ ಟೆಸ್ಟ್ ಬರೆಯಿರಿ, ತಕ್ಷಣ ಸಾಯುತ್ತದೆ. ಯಾವ ಟೆಸ್ಟ್ ಬಾಕಿಯಿದೆ ಎಂದು ತಪ್ಪೇ ಬೆರಳಿಟ್ಟು ತೋರಿಸಿತು! ಕವರೇಜ್ ಅಂಕಿ ನೋಡಿ ನೆಮ್ಮದಿಯಿಂದಿರುವ ಪ್ರತಿ ತಂಡವೂ ಇದನ್ನೊಮ್ಮೆ ಮಾಡಿ ನೋಡಲೇಬೇಕು.

ಹೀಗೆ ಬಿತ್ತುವ ತಪ್ಪುಗಳು ಹಲವು ಬಗೆ: ಕೂಡಿಸುವಲ್ಲಿ ಕಳೆಯುವುದು, ‘ಮತ್ತು’ ಇದ್ದಲ್ಲಿ ‘ಅಥವಾ’ ಹಾಕುವುದು, ಒಂದು ಸಾಲನ್ನೇ ಅಳಿಸುವುದು. 40 ಮ್ಯೂಟೆಂಟ್‌ಗಳಲ್ಲಿ 30 ಸತ್ತರೆ ಟೆಸ್ಟ್‌ಗಳಿಗೆ ಸಿಗುವ ಅಂಕ ಶೇ 75.

ಈ ವಿಚಾರ 1971ರಲ್ಲಿ ಹೊಳೆದದ್ದು ಅಮೆರಿಕದಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಲಿಪ್ಟನ್‌ಗೆ. 1978ರಲ್ಲಿ ಡಿಮಿಲೊ, ಲಿಪ್ಟನ್, ಸೇವರ್ಡ್ ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದ ಒಂದು ಮಾತು ಮೈ ಜುಮ್ಮೆನಿಸುತ್ತದೆ: ಸಣ್ಣ ತಪ್ಪುಗಳನ್ನೆಲ್ಲ ಹಿಡಿಯುವಷ್ಟು ಸೂಕ್ಷ್ಮವಾದ ಟೆಸ್ಟ್‌ಗಳು ಅವು ಬೆಸೆದು ಆಗುವ ದೊಡ್ಡ ತಪ್ಪುಗಳನ್ನೂ ಬಹುಪಾಲು ಹಿಡಿಯುತ್ತವೆ. ಒಂದು ಚಿಹ್ನೆ ತಿರುಚಿ ಅಷ್ಟು ದೂರ ನೋಡಬಹುದೆ!

ದಶಕಗಳ ಕಾಲ ಇದು ಪ್ರಯೋಗಾಲಯ ಬಿಟ್ಟು ಹೆಚ್ಚು ಹೊರಬರಲಿಲ್ಲ. ಒಂದೊಂದು ಮ್ಯೂಟೆಂಟ್‌ಗೂ ಟೆಸ್ಟ್ ಮತ್ತೆ ಓಡಿಸಬೇಕು, ಆಗಿನ ಯಂತ್ರಗಳಿಗೆ ಅದು ಹೊರಲಾರದ ಹೊರೆ. ಇಂದು ಜಾವಾಗೆ ಪಿಟ್, ಪೈಥಾನ್‌ಗೆ ಮ್ಯುಟ್‌ಮ್ಯುಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಪುಕ್ಕಟೆ ಸಿಗುತ್ತವೆ. ಯಾದಗಿರಿಯ ವಿದ್ಯಾರ್ಥಿಯೂ ತನ್ನ ಲ್ಯಾಪ್‌ಟಾಪ್‌ನಲ್ಲಿ ಇವತ್ತೇ ಓಡಿಸಬಹುದು. ಗೂಗಲ್‌ನಲ್ಲಿ ಬದಲಾದ ಸಾಲುಗಳಿಗಷ್ಟೇ ಮ್ಯೂಟೆಂಟ್ ಹುಟ್ಟಿಸಿ, ಕೋಡ್ ಪರಿಶೀಲನೆಯ ಹೊತ್ತಿಗೇ ಮುಂದಿಡುತ್ತಾರೆ.

ಕೆಲವು ಮ್ಯೂಟೆಂಟ್‌ಗಳಿಗೆ ಮಾತ್ರ ಸಾವೇ ಇಲ್ಲ! ಹರಿವನ್ನು ಪೂರ್ಣಾಂಕದಲ್ಲೇ ಅಳೆಯುತ್ತೇವೆ ಎನ್ನೋಣ. ‘10,000 ಅಥವಾ ಹೆಚ್ಚು’ ಎಂಬುದು ‘9,999ಕ್ಕಿಂತ ಹೆಚ್ಚು’ ಎಂದಾದರೆ ಬರಹ ಬೇರೆ, ನಡೆ ಅದೇ. ಯಾವ ಟೆಸ್ಟೂ ಅದನ್ನು ಕೊಲ್ಲಲಾರದು. ಇಂಥವನ್ನು ಅಂಕದ ಲೆಕ್ಕದಿಂದ ತೆಗೆಯಬೇಕು, ಆದರೆ ಎಲ್ಲವನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಮ್ ಬರೆಯುವುದು ಸಾಧ್ಯವೇ ಇಲ್ಲವೆಂದು ಗಣಿತ ಸಾಧಿಸಿ ತೋರಿಸಿದೆ. ಬದುಕುಳಿದವುಗಳ ಪಟ್ಟಿ ಹಿಡಿದು ಮನುಷ್ಯನೇ ಕೂರಬೇಕು, ಒಂದೊಂದಾಗಿ ಓದಬೇಕು.